ಮೋತಿಯ ಹೃದಯದ ಮಾತ್ರೆಗಳು: ಜನೌಷಧಿ ಕೇಂದ್ರದಿಂದ ಎರಡು ವರ್ಷ

ನಮ್ಮ ಮೋತಿ ಪೊಮೇರಿಯನ್. ವಯಸ್ಸು 12, ತೂಕ 5 ಕೆಜಿ. ಎರಡು ವರ್ಷದ ಹಿಂದೆ ರಾತ್ರಿ ಹೊತ್ತು ಕೆಮ್ಮಲು ಶುರು ಮಾಡಿದಳು. ಬೀದರಿನ ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ದೆವು. ಹೃದಯದ ಕವಾಟ ಸೋರುತ್ತಿದೆ, ಇರುವವರೆಗೂ ಮಾತ್ರೆ ಬೇಕು ಎಂದರು. ಮೈಯಲ್ಲಿ ನಿಂತ ನೀರು ತೆಗೆಯುವ ಫ್ಯೂರೋಸೆಮೈಡ್, ರಕ್ತನಾಳ ಸಡಿಲಿಸುವ ಎನಾಲಾಪ್ರಿಲ್, ಹೃದಯದ ಬಡಿತಕ್ಕೆ ಬಲ ಕೊಡುವ ಪಿಮೊಬೆಂಡಾನ್.

ಮೊದಲ ತಿಂಗಳ ಬಿಲ್ ನೋಡಿ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಸಾಕುನಾಯಿಯ ಔಷಧಕ್ಕೆ ಸಹಾಯಧನ ಎಲ್ಲಾದರೂ ಇದೆಯಾ ಎಂದು ಹುಡುಕಿದೆ, ಸಿಗಲಿಲ್ಲ. ವಿಮೆಯವರು ಮೊದಲೇ ಇರುವ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡು ಕೊಡಲ್ಲ. ದಾರಿ ತೋರಿಸಿದ್ದು ಡಾಕ್ಟರೇ. ಮೊದಲ ಎರಡು ಮನುಷ್ಯರೂ ನುಂಗುವ ಮಾತ್ರೆ, ಜನೌಷಧಿಯಲ್ಲಿ ಕೇಳಿ ಎಂದು ಬ್ರಾಂಡ್ ಬಿಟ್ಟು ಔಷಧದ ಹೆಸರನ್ನೇ ಚೀಟಿಯಲ್ಲಿ ಬರೆದರು.

ಅಲ್ಲಿಂದ ಇಲ್ಲಿವರೆಗೆ ಇವೆರಡನ್ನೂ ಜನೌಷಧಿ ಕೇಂದ್ರದಲ್ಲೇ ಕೊಳ್ಳುತ್ತಿದ್ದೇನೆ. ಬ್ರಾಂಡ್ ಔಷಧಕ್ಕಿಂತ ಶೇ. 50ರಿಂದ 90ರಷ್ಟು ಅಗ್ಗ ಎಂದು ಈ ಯೋಜನೆಯವರು ಹೇಳುತ್ತಾರೆ. ನನ್ನ ಬಿಲ್‌ನಲ್ಲೂ ಅದು ಕಾಣುತ್ತದೆ. ಮೋತಿಗೆ 40 ಮಿಲಿಗ್ರಾಂ ಫ್ಯೂರೋಸೆಮೈಡ್‌ನ ಕಾಲು ಭಾಗ, 5 ಮಿಲಿಗ್ರಾಂ ಎನಾಲಾಪ್ರಿಲ್‌ನ ಅರ್ಧ ಸಾಕು. ಹಾಗಾಗಿ ಒಂದು ಸ್ಟ್ರಿಪ್ ಎಷ್ಟೋ ದಿನ ಬರುತ್ತದೆ. ಇದು ಅವಳ ತೂಕಕ್ಕೆ ಡಾಕ್ಟರ್ ಹೇಳಿದ ಲೆಕ್ಕ. ನಿಮ್ಮ ನಾಯಿಗೆ ಬೇರೆಯೇ ಇರುತ್ತದೆ, ದಯವಿಟ್ಟು ಕೇಳಿ. ಮಾತ್ರೆ ಕತ್ತರಿಸುವ ಪುಟ್ಟ ಡಬ್ಬಿ ಸಿಗುತ್ತದೆ, ತಗೊಳ್ಳಿ. ಚಾಕುವಿನಲ್ಲಿ ಪುಡಿಯಾಗಿ ಅರ್ಧ ನೆಲಕ್ಕೆ ಹೋಗುತ್ತದೆ.

ಪಿಮೊಬೆಂಡಾನ್ ಮಾತ್ರ ನಾಯಿಗಳ ಔಷಧ, ಜನೌಷಧಿಯಲ್ಲಿಲ್ಲ. ನಮಗೆ ಖರ್ಚು ಜಾಸ್ತಿ ಬರುವುದು ಅದಕ್ಕೇ. ಬೇರೆರಡರಲ್ಲಿ ಉಳಿದ ದುಡ್ಡು ಇದಕ್ಕೆ ಹೋಗುತ್ತದೆ. ಅದನ್ನು ಊಟಕ್ಕೆ ಒಂದು ಗಂಟೆ ಮೊದಲು, ಖಾಲಿ ಹೊಟ್ಟೆಗೆ ಕೊಡುತ್ತೇವೆ. ಉಳಿದ ಎರಡು ಜೋಳದ ರೊಟ್ಟಿಯ ತುಣುಕಿನಲ್ಲಿ. ಶೇಂಗಾ ಚಟ್ನಿ ಬಂದ್ ಮಾಡಿದ್ದೇವೆ, ಉಪ್ಪು ಅವಳ ಹೃದಯಕ್ಕೆ ಆಗಲ್ಲ.

ಒಮ್ಮೆ ಅವಸರದಲ್ಲಿ ಬೇರೊಂದು ಮೆಡಿಕಲ್ ಅಂಗಡಿಗೆ ಹೋಗಿದ್ದೆ. ಫ್ಯೂರೋಸೆಮೈಡ್ ಜೊತೆ ಇನ್ನೊಂದು ಔಷಧ ಸೇರಿದ ಮಾತ್ರೆ ಕೊಟ್ಟುಬಿಟ್ಟರು. ಮನೆಗೆ ಬಂದು ಸ್ಟ್ರಿಪ್ ಓದಿದಾಗ ಗೊತ್ತಾಯ್ತು. ಅವತ್ತಿನಿಂದ ಕೌಂಟರ್ ಬಿಡುವ ಮೊದಲೇ ಹೆಸರು, ಮಿಲಿಗ್ರಾಂ ಎರಡೂ ಓದುತ್ತೇನೆ. ಮನುಷ್ಯರ ಮಾತ್ರೆ ಅಲ್ವಾ ಎಂದು ಸುಮ್ನೆ ನೋವಿನ ಮಾತ್ರೆ ಐಬುಪ್ರೊಫೇನ್ ಕೊಡಬೇಡಿ, ನಾಯಿಗೆ ಅದು ವಿಷ.

ಕಿಡ್ನಿ ಪರೀಕ್ಷೆಗೆ ಆಗಾಗ ನಂದಿನಗರಕ್ಕೆ ಹೋಗುತ್ತೇವೆ. ಮಲಗಿದಾಗ ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಉಸಿರಾಡಿದರೆ ಬೇಗ ಬನ್ನಿ ಎಂದಿದ್ದಾರೆ. ನಿನ್ನೆ ರಾತ್ರಿ ಎಣಿಸಿದೆ, 24 ಇತ್ತು.