ನಾಲ್ಕು ರಿವರ್ಬ್, ಮೂರು ಗಿಟಾರ್, ಒಂದೇ ರಿಫ್

ಸರ್ಫ್ ಸಂಗೀತ, ಅಂದರೆ 1960ರ ದಶಕದ ಕ್ಯಾಲಿಫೋರ್ನಿಯಾದ ಗಿಟಾರ್ ಸಂಗೀತ, ನುಡಿಸಬೇಕು ಅಂತ ಆಸೆಯಾದವರು ಮೊದಲು ಹುಡುಕುವುದು ಗಿಟಾರ್. ನಾನೂ ಅದನ್ನೇ ಮಾಡಿದೆ. ತಿಂಗಳುಗಟ್ಟಲೆ ದುಡ್ಡು ಕೂಡಿಟ್ಟು ಫೆಂಡರ್ ಜಾಜ್‌ಮಾಸ್ಟರ್ ಮಾದರಿಯದೊಂದನ್ನು ತಂದು ಆಂಪ್‌ಗೆ (ಗಿಟಾರ್ ಸದ್ದನ್ನು ಜೋರು ಮಾಡುವ ಪೆಟ್ಟಿಗೆ) ಸಿಕ್ಕಿಸಿದರೆ ಬಂದದ್ದು ಒಳ್ಳೆಯ ಕ್ಲೀನ್ ಸದ್ದು, ಅಷ್ಟೇ. ಸರ್ಫ್ ಅಲ್ಲ. ಆಮೇಲೆ ಗೆಳೆಯನೊಬ್ಬ ತನ್ನ ಸ್ಪ್ರಿಂಗ್ ರಿವರ್ಬ್ ಡಬ್ಬಿಯನ್ನು, ಅಂದರೆ ಸದ್ದನ್ನು ಸ್ಪ್ರಿಂಗ್ ಮೂಲಕ ಹಾಯಿಸಿ ಅನುರಣನ ಸೇರಿಸುವ ಡಬ್ಬಿಯನ್ನು, ಎರಡು ವಾರದ ಮಟ್ಟಿಗೆ ಕೊಟ್ಟ. ಅದಕ್ಕೆ ಮೂಲೆಯಲ್ಲಿದ್ದ ಹಳೇ ಸ್ಟ್ರಾಟ್ (ಸ್ಟ್ರಾಟೋಕಾಸ್ಟರ್) ಮಾದರಿ ಗಿಟಾರ್ ಜೋಡಿಸಿದೆ. ಎರಡನೇ ನೋಟ್‌ಗೇ ಗೊತ್ತಾಯಿತು, ನಾನು ಹುಡುಕುತ್ತಿದ್ದ ಸದ್ದು ಈ ಡಬ್ಬಿಯಲ್ಲಿತ್ತು.

ಹಾಗಾಗಿ ಹೊಸಬರು ಕೇಳಿದರೆ ನನ್ನ ಉತ್ತರ ಒಂದೇ. ಕೈಯಲ್ಲಿರುವ ಗಿಟಾರ್ ಇರಲಿ, ಮೊದಲ ದುಡ್ಡು ರಿವರ್ಬ್‌ಗೆ ಹಾಕಿ. ಆದರೆ ಯಾವ ರಿವರ್ಬ್? ಅದಕ್ಕಾಗಿಯೇ ನಾಲ್ಕನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಒಂದೇ ಗಿಟಾರ್, ಒಂದೇ ಆಂಪ್, ಒಂದೇ ರಿಫ್ (ಮತ್ತೆ ಮತ್ತೆ ನುಡಿಸುವ ಚಿಕ್ಕ ರಾಗದ ತುಣುಕು). ನಾನು ಬೆನ್ನು ತಿರುಗಿಸಿ ನುಡಿಸುತ್ತಿದ್ದೆ, ಗೆಳೆಯ ಹಿಂದೆ ಕೇಬಲ್ ಬದಲಾಯಿಸುತ್ತಿದ್ದ, ಯಾವುದು ಅಂತ ಹೇಳುತ್ತಿರಲಿಲ್ಲ.

ಮೊದಲು ಏನನ್ನು ಕೇಳಿಸಿಕೊಳ್ಳಬೇಕು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಹೋಲಿಕೆಗೆ ಅರ್ಥವೇ ಇಲ್ಲ. ಬಲ ಅಂಗೈಯ ಅಂಚನ್ನು ಬ್ರಿಜ್ (ಗಿಟಾರ್ ಮೈ ಮೇಲೆ ತಂತಿಗಳು ಕೂರುವ ಭಾಗ) ಮೇಲೆ ಒತ್ತಿಟ್ಟು ಆರನೇ, ಅಂದರೆ ಎಲ್ಲಕ್ಕಿಂತ ದಪ್ಪದ, ತಂತಿಯನ್ನು ಗಟ್ಟಿಯಾಗಿ ಒಂದು ಸಲ ಮೀಟಿ. ತಂತಿ 'ಟಕ್' ಅಂದು ಅಲ್ಲೇ ಸಾಯುತ್ತದೆ. ಅದರ ಬೆನ್ನಿಗೇ, ಖಾಲಿ ಕೊಡದ ತಳಕ್ಕೆ ನೀರಿನ ಹನಿ ಬಿದ್ದ ಹಾಗೆ, 'ಟ್ಲಕ್' ಅಂತ ಇನ್ನೊಂದು ಸದ್ದು ಬರಬೇಕು. ಅದೇ ಡ್ರಿಪ್. ಸ್ಪ್ರಿಂಗ್‌ನೊಳಗೆ ಎಲ್ಲ ಸದ್ದೂ ಒಂದೇ ವೇಗದಲ್ಲಿ ಓಡುವುದಿಲ್ಲ, ತಗ್ಗಿನ ಸದ್ದು ಬೇಗ ಆ ತುದಿ ಮುಟ್ಟುತ್ತದೆ, ಏರಿನ ಸದ್ದು ಸ್ವಲ್ಪ ಹಿಂದೆ ಬೀಳುತ್ತದೆ. ಆದ್ದರಿಂದ ಒಂದು ಚಿಕ್ಕ ಹೊಡೆತ ಹೊರಬರುವಾಗ ಕೆಳಗಿನಿಂದ ಮೇಲಕ್ಕೆ ಎಳೆದುಕೊಂಡು ಬರುತ್ತದೆ. ಸಭಾಂಗಣದಂತೆ ಕೇಳಿಸುವ ಹಾಲ್ ರಿವರ್ಬ್, ಲೋಹದ ತಗಡಿನ ಪ್ಲೇಟ್ ರಿವರ್ಬ್ ಎಷ್ಟೇ ಚೆನ್ನಾಗಿದ್ದರೂ ಈ ಹನಿ ಅವುಗಳಲ್ಲಿ ಇಲ್ಲ.

ಇದರ ಮೂಲ 1961ರಲ್ಲಿ ಫೆಂಡರ್ ಹೊರತಂದ ಪ್ರತ್ಯೇಕ ರಿವರ್ಬ್ ಪೆಟ್ಟಿಗೆ, ಮಾದರಿ ಸಂಖ್ಯೆ 6ಜಿ15. ಹ್ಯಾಮಂಡ್ ಆರ್ಗನ್‌ನಲ್ಲಿದ್ದ ಸ್ಪ್ರಿಂಗ್ ತಂತ್ರವನ್ನೇ ಇದರಲ್ಲಿ ಬಳಸಿದ್ದರು. ಸರ್ಫ್ ಗಿಟಾರ್‌ಗೆ ದಾರಿ ಹಾಕಿದ ಡಿಕ್ ಡೇಲ್ ರಿವರ್ಬ್ ಬಯಸಿದ್ದು ಮೊದಲು ತನ್ನ ಹಾಡಿನ ದನಿಗಾಗಿ ಅಂತ ಆತನೇ ಹೇಳಿಕೊಂಡಿದ್ದ, ಗಿಟಾರ್‌ಗೆ ಹಾಕಿದ್ದು ಆಮೇಲೆ. ಆ ಪೆಟ್ಟಿಗೆಯ ಮೇಲೆ ಮೂರು ತಿರುಗುಣಿಗಳು: ಡ್ವೆಲ್, ಮಿಕ್ಸ್, ಟೋನ್. ಮಿಕ್ಸ್ ಅಂದರೆ ರಿವರ್ಬ್ ಎಷ್ಟು ಬೆರೆಯಬೇಕು ಅನ್ನುವುದು. ಡ್ವೆಲ್ ಅಂದರೆ ಸ್ಪ್ರಿಂಗ್‌ಗೆ ಎಷ್ಟು ಜೋರಾಗಿ ಹೊಡೆತ ಬೀಳಬೇಕು ಅನ್ನುವುದು. ಡ್ರಿಪ್ ಹುಟ್ಟುವುದೇ ಈ ಹೊಡೆತದಿಂದ. ಪೆಡಲ್ (ಕಾಲಲ್ಲಿ ಒತ್ತಿ ಬಳಸುವ ಚಿಕ್ಕ ಎಫೆಕ್ಟ್ ಡಬ್ಬಿ) ನೋಡುವಾಗ ನಾನು ಮೊದಲು ಹುಡುಕುವ ಪದವೂ ಇದೇ.

ಈಗ ನಾಲ್ಕಕ್ಕೆ ಬರೋಣ. ಮೊದಲನೆಯದು ಆಂಪ್ ಒಳಗೇ ಬರುವ ರಿವರ್ಬ್. ಇದಕ್ಕೆ ಬೇರೆ ಖರ್ಚಿಲ್ಲ, ಆದ್ದರಿಂದ ಎಲ್ಲರೂ ಇಲ್ಲಿಂದಲೇ ಶುರು ಮಾಡುತ್ತಾರೆ, ತಪ್ಪೇನಿಲ್ಲ. ಆದರೆ ಒಂದೇ ತಿರುಗುಣಿ, ಅದು ಬೆರಕೆಯನ್ನು ಮಾತ್ರ ಹೆಚ್ಚಿಸುತ್ತದೆ. ಮೇಲಾಗಿ ಆಂಪ್ ಒಳಗಿನ ರಿವರ್ಬ್ ಪ್ರಿಆಂಪ್ (ಆಂಪ್ ಒಳಗೆ ಸದ್ದನ್ನು ಮೊದಲು ಹೆಚ್ಚಿಸುವ ಹಂತ) ದಾಟಿದ ಮೇಲೆ ಕೆಲಸ ಮಾಡುತ್ತದೆ, ಬೇರೆ ಪೆಟ್ಟಿಗೆ ಗಿಟಾರ್ ಮತ್ತು ಆಂಪ್ ನಡುವೆ ಕೂರುತ್ತದೆ. ಈ ಜಾಗದ ವ್ಯತ್ಯಾಸ ಕಿವಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ನನ್ನ ಆಂಪ್‌ನ ರಿವರ್ಬ್ ಪೂರ್ತಿ ಏರಿಸಿದಾಗ ಗಿಟಾರ್ ದೂರ ಹೋದ ಹಾಗಾಯಿತೇ ಹೊರತು ಒದ್ದೆಯಾಗಲಿಲ್ಲ.

ಎರಡನೆಯದು ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಹೋಲಿ ಗ್ರೇಲ್ ನ್ಯಾನೋ. ಸ್ಪ್ರಿಂಗ್, ಹಾಲ್, ಫ್ಲರ್ಬ್ (ಅಲೆಯಾಡುವ ರಿವರ್ಬ್) ಅಂತ ಮೂರು ಆಯ್ಕೆ, ಒಂದು ತಿರುಗುಣಿ. ಬಹಳ ಸರಳ, ಸದ್ದು ಇಂಪಾಗಿದೆ. ನಿಧಾನದ ಹಾಡಿಗೆ, ಉದ್ದನೆಯ ಕಾರ್ಡ್‌ಗಳಿಗೆ (ಹಲವು ಸ್ವರ ಒಟ್ಟಿಗೆ ನುಡಿಸುವುದು) ಇದನ್ನು ಹಾಕಿಕೊಂಡು ಗಂಟೆಗಟ್ಟಲೆ ಕೂತಿದ್ದೇನೆ. ಆದರೆ ತಂತಿ ಒತ್ತಿ ಮೀಟಿದಾಗ ಹನಿ ಸ್ವಲ್ಪ ಮೆತ್ತಗೆ ಬೀಳುತ್ತದೆ, ಡ್ವೆಲ್ ಇಲ್ಲದ್ದರಿಂದ ಅದನ್ನು ಗಟ್ಟಿ ಮಾಡಲು ದಾರಿಯೂ ಇಲ್ಲ. ಸರ್ಫ್ ಒಂದನ್ನೇ ಅಲ್ಲ, ಬೇರೆ ಬೇರೆ ಶೈಲಿ ನುಡಿಸುವವರಿಗೆ ಇದು ಒಳ್ಳೆಯ ಆಯ್ಕೆ.

ಮೂರನೆಯದು ಟಿಸಿ ಎಲೆಕ್ಟ್ರಾನಿಕ್‌ನ ಡ್ರಿಪ್ ಸ್ಪ್ರಿಂಗ್ ರಿವರ್ಬ್. ಹೆಸರಲ್ಲೇ ಉದ್ದೇಶ ಇದೆ. ಹಳೇ ಪೆಟ್ಟಿಗೆಯ ಅದೇ ಮೂರು ತಿರುಗುಣಿಗಳು. ಡ್ವೆಲ್ ಅರ್ಧ ದಾಟಿಸಿದ ಕೂಡಲೇ ಹನಿ ಬೀಳಲು ಶುರುವಾಯಿತು, ನನ್ನ ಮುಖದಲ್ಲಿ ನಗು ಬಂದುಬಿಟ್ಟಿತು. ಇದರಲ್ಲಿ ಬೇರೆ ರಿವರ್ಬ್ ಇಲ್ಲ, ಇದೊಂದೇ. ನಾನು ನೋಡಿದ ಪೆಡಲ್‌ಗಳಲ್ಲಿ ಹೊಸಬರಿಗೆ ಕಣ್ಣುಮುಚ್ಚಿ ಹೇಳಬಹುದಾದದ್ದು ಇದು. ಇದೇ ಜಾತಿಯಲ್ಲಿ ಬಾಸ್ ಕಂಪನಿಯ ಎಫ್‌ಆರ್‌ವಿ-1 ಕೂಡ ಇದೆ, ಅದೂ ಹಳೇ ಫೆಂಡರ್ ಪೆಟ್ಟಿಗೆಯನ್ನೇ ಅನುಸರಿಸಿದ್ದು. ಈಗ ತಯಾರಿಕೆ ನಿಂತಿದೆ, ಸೆಕೆಂಡ್ ಹ್ಯಾಂಡ್‌ನಲ್ಲಿ ನ್ಯಾಯವಾದ ಬೆಲೆಗೆ ಕಂಡರೆ ಬಿಡಬೇಡಿ. ಕ್ಯಾಟಲಿನ್‌ಬ್ರೆಡ್‌ನ ಟೊಪಾಂಗಾ ಕೂಡ ಇದೇ ದಾರಿಯದು, ಆದರೆ ದುಡ್ಡು ಜಾಸ್ತಿ.

ನಾಲ್ಕನೆಯದು ಸರ್ಫಿ ಇಂಡಸ್ಟ್ರೀಸ್‌ನ ಸರ್ಫಿಬೇರ್. ಇದರಲ್ಲಿ ನಿಜವಾದ ಸ್ಪ್ರಿಂಗ್ ಟ್ಯಾಂಕ್ (ಸ್ಪ್ರಿಂಗ್‌ಗಳನ್ನು ಕಟ್ಟಿದ ಲೋಹದ ತಟ್ಟೆ) ಇದೆ, ಹಳೇ ಪೆಟ್ಟಿಗೆಯ ವಾಲ್ವ್‌ಗಳ (ಗಾಜಿನ ನಿರ್ವಾತ ನಳಿಗೆಗಳು) ಬದಲು ಟ್ರಾನ್ಸಿಸ್ಟರ್. ಗೆಳೆಯ ಕೊಟ್ಟದ್ದು ಇದನ್ನೇ. ಪೆಡಲ್‌ಗಿಂತ ತುಂಬಾ ದುಬಾರಿ, ವಾಲ್ವ್ ಪೆಟ್ಟಿಗೆಗಿಂತ ತುಂಬಾ ಅಗ್ಗ. ಡ್ವೆಲ್ ಏರಿಸಿ ಗಟ್ಟಿಯಾಗಿ ಮೀಟಿದರೆ ಹನಿ ಅಲ್ಲ, ಅಲೆಯೇ ಬಂದು ಬಂಡೆಗೆ ಬಡಿದ ಹಾಗೆ. ಮೆಲ್ಲಗೆ ಮೀಟಿದರೆ ಅದೂ ಮೆಲ್ಲಗಾಗುತ್ತದೆ. ಕೈ ಹೇಗೆ ಹೇಳುತ್ತದೋ ಹಾಗೆ ಕೇಳುತ್ತದೆ ಅನ್ನುವುದು ನನಗೆ ತುಂಬಾ ಇಷ್ಟವಾದ ಗುಣ.

ಬೆನ್ನು ತಿರುಗಿಸಿ ನುಡಿಸಿದ ಪರೀಕ್ಷೆಯ ಫಲಿತಾಂಶ ಇಲ್ಲಿದೆ. ಆಂಪ್‌ನದು, ಹೋಲಿ ಗ್ರೇಲ್ ಎರಡನ್ನೂ ಪ್ರತಿ ಸಲವೂ ಗುರುತಿಸಿದೆ. ಡ್ರಿಪ್ ಪೆಡಲ್ ಮತ್ತು ನಿಜವಾದ ಸ್ಪ್ರಿಂಗ್ ನಡುವೆ ಮಾತ್ರ ಕಷ್ಟವಾಯಿತು. ತೆರೆದ ಕಾರ್ಡ್ ಬಾರಿಸಿದಾಗ ನನಗೆ ವ್ಯತ್ಯಾಸ ಹೇಳಲು ಆಗಲೇ ಇಲ್ಲ. ಒತ್ತಿ ಮೀಟುವ ವೇಗದ ಸಾಲುಗಳಲ್ಲಿ ಮಾತ್ರ ಸಿಕ್ಕಿಬಿದ್ದಿತು: ನಿಜವಾದ ಸ್ಪ್ರಿಂಗ್‌ನಲ್ಲಿ ಪ್ರತಿ ಹನಿಯೂ ಸ್ವಲ್ಪ ಬೇರೆ, ಪೆಡಲ್‌ನಲ್ಲಿ ಹನಿಗಳು ಒಂದೇ ಅಚ್ಚಿನವು. ಡ್ರಮ್ಸ್, ಬಾಸ್ ಜೊತೆ ಸೇರಿದಾಗ ಅದೂ ಮುಚ್ಚಿಹೋಗುತ್ತದೆ. ಆದ್ದರಿಂದ ಶುರುವಿಗೆ ಡ್ರಿಪ್ ಪೆಡಲ್ ಸಾಕು. ವರ್ಷ ಕಳೆದ ಮೇಲೂ ಈ ಸಂಗೀತ ನಿಮ್ಮನ್ನು ಬಿಡದಿದ್ದರೆ ಆಗ ಸ್ಪ್ರಿಂಗ್ ಕೊಳ್ಳಿ.

ನಿಜವಾದ ಸ್ಪ್ರಿಂಗ್ ಸಾಕುವುದು ಸ್ವಲ್ಪ ಕೆಲಸ, ಅದನ್ನೂ ಹೇಳಬೇಕು. ನಮ್ಮ ಅಭ್ಯಾಸದ ಕೋಣೆಯಲ್ಲಿ ಮರದ ನೆಲ, ಡ್ರಮ್ಸ್‌ನವನು ಕಾಲು ಕುಟ್ಟಿದಾಗಲೆಲ್ಲ ಟ್ಯಾಂಕ್ ಒಳಗೆ ಗುಡುಗು. ಕೆಳಗೆ ಎರಡು ಬೆರಳು ದಪ್ಪದ ಫೋಮ್ ಇಟ್ಟ ಮೇಲೆ ಸುಮ್ಮನಾಯಿತು. ಇನ್ನೊಂದು ಸಲ ಆಂಪ್ ಮೇಲೆಯೇ ಇಟ್ಟಿದ್ದೆ, 'ಗುಂಯ್' ಅಂತ ಹಮ್. ಆಂಪ್‌ನ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿದ್ದರೆ ಟ್ಯಾಂಕ್ ಅದನ್ನು ಹಿಡಿದುಕೊಳ್ಳುತ್ತದೆ. ಡಬ್ಬಿಯನ್ನು ಕಾಲುಭಾಗ ತಿರುಗಿಸಿದೆ, ಹಮ್ ಅರ್ಧಕ್ಕಿಳಿಯಿತು, ಒಂದು ಮಾರು ದೂರ ಸರಿಸಿದೆ, ನಿಂತೇಹೋಯಿತು. ಹಾಗೆಯೇ ಒಮ್ಮೆ ಬೇರೆಯವರಿಂದ ಕೊಂಡ ಹಳೇ ಸ್ಪ್ರಿಂಗ್ ಡಬ್ಬಿಯೊಂದು ಮನೆಗೆ ಬಂದಾಗ ಮೂಕವಾಗಿತ್ತು. ಬಿಚ್ಚಿ ನೋಡಿದರೆ ಟ್ಯಾಂಕ್ ತುದಿಯ ಕೂದಲೆಳೆಯಂಥ ತಂತಿ ಕಳಚಿಕೊಂಡಿತ್ತು. ಬೆಸುಗೆ ಹಾಕಿದ ಮೇಲೆ ಸರಿಯಾಯಿತು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಪವರ್ ಹಾಕಿ, ಆಂಪ್‌ಗೆ ಜೋಡಿಸಿ, ಡಬ್ಬಿಯನ್ನು ಮೆಲ್ಲಗೆ ತಟ್ಟಿ ನೋಡಿ. ಗುಡುಗಿದರೆ ಟ್ಯಾಂಕ್‌ನಿಂದ ಸದ್ದು ಹೊರಬರುವ ಕಡೆಯ ತಂತಿ ನೆಟ್ಟಗಿದೆ ಅಂತ ಅರ್ಥ. ಗಿಟಾರ್ ನುಡಿಸಿದಾಗಲೂ ರಿವರ್ಬ್ ಬಂದರೆ ಎರಡೂ ಕಡೆ ಸರಿ ಇದೆ.

ಈಗ ಗಿಟಾರ್. ಇಲ್ಲಿ ಬೇಗ ಮುಗಿಸಬಹುದು ಅಂದುಕೊಂಡಿದ್ದೆ, ಆದರೆ ಜಾಜ್‌ಮಾಸ್ಟರ್ ವಿಷಯ ಸ್ವಲ್ಪ ಹೇಳಲೇಬೇಕು.

ಸರ್ಫ್ ಅಂದ ಕೂಡಲೇ ಎಲ್ಲರ ಕಣ್ಣಿಗೆ ಬರುವುದು ಜಾಜ್‌ಮಾಸ್ಟರ್ ಮತ್ತು ಜಾಗ್ವಾರ್. ಮೊದಲನೆಯದು 1958ರದು, ಜಾಜ್ ನುಡಿಸುವವರಿಗೆ ಅಂತ ಮಾಡಿದ್ದು. ಎರಡನೆಯದು 1962ರದು, ತಂತಿಯ ನುಡಿಯುವ ಉದ್ದ 24 ಇಂಚು, ಜಾಜ್‌ಮಾಸ್ಟರ್‌ನದು ಇಪ್ಪತ್ತೈದೂವರೆ. ಆದರೆ ಡಿಕ್ ಡೇಲ್ ಕೈಯಲ್ಲಿದ್ದದ್ದು ಸ್ಟ್ರಾಟೋಕಾಸ್ಟರ್, ಅದು ಎಲ್ಲ ಕಡೆ ಸಿಗುವ ಮಾದರಿ. ನಾನು ಹೋಲಿಸಿದ್ದು ಸ್ಕ್ವಯರ್‌ನ (ಫೆಂಡರ್‌ನದೇ ಅಗ್ಗದ ಬ್ರ್ಯಾಂಡ್) ಅಫಿನಿಟಿ ಸ್ಟ್ರಾಟ್, ಕ್ಲಾಸಿಕ್ ವೈಬ್ ಸಾಲಿನ ಜಾಜ್‌ಮಾಸ್ಟರ್ ಮತ್ತು ಜಾಗ್ವಾರ್. ಮೂರನ್ನೂ ಡ್ರಿಪ್ ಪೆಡಲ್ ಮೂಲಕವೇ ಕೇಳಿದೆ.

ಸ್ಟ್ರಾಟ್‌ನ ಬ್ರಿಜ್ ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಆಯಸ್ಕಾಂತದ ಸುರುಳಿ, ಬ್ರಿಜ್ ಪಕ್ಕದ್ದು) ಚೂಪು, ಹನಿಯನ್ನು ಚೆನ್ನಾಗಿ ಎಬ್ಬಿಸುತ್ತದೆ. ಜಾಜ್‌ಮಾಸ್ಟರ್ ದುಂಡಗೆ, ಅಗಲವಾಗಿ ಕೇಳಿಸುತ್ತದೆ, ಎರಡೂ ಪಿಕಪ್ ಒಟ್ಟಿಗೆ ಹಾಕಿದಾಗಿನ ಸದ್ದು ಈ ಸಂಗೀತಕ್ಕೇ ಹುಟ್ಟಿದ್ದು ಅನಿಸುತ್ತದೆ. ಜಾಗ್ವಾರ್ ಇನ್ನೂ ಕಟು, ನೋಟ್ ಬೇಗ ಸಾಯುತ್ತದೆ, ವೇಗದ ಸಾಲಿಗೆ ಅದು ಅನುಕೂಲವೇ. ಚಿಕ್ಕ ಕೈಗಳಿಗೂ ಜಾಗ್ವಾರ್ ಸುಲಭ. ನಿಜವಾದ ವ್ಯತ್ಯಾಸ ಇರುವುದು ಟ್ರೆಮೊಲೋ ಹಿಡಿಯಲ್ಲಿ, ಅಂದರೆ ಶ್ರುತಿಯನ್ನು ಏರಿಳಿಸುವ ಸನ್ನೆಯಲ್ಲಿ. ಜಾಜ್‌ಮಾಸ್ಟರ್, ಜಾಗ್ವಾರ್‌ನದು ಬೆಣ್ಣೆಯಂತೆ ಮೆತ್ತಗೆ. ಕಾರ್ಡ್ ಬಾರಿಸಿ, ಹಿಡಿಯನ್ನು ಅಂಗೈಯಲ್ಲೇ ಇಟ್ಟುಕೊಂಡು ಸ್ವಲ್ಪ ಅಲುಗಿಸಿದರೆ ಸದ್ದು ನೀರಿನ ಮೇಲಿನ ಬೆಳಕಿನ ಹಾಗೆ ನಡುಗುತ್ತದೆ. ಸ್ಟ್ರಾಟ್‌ನಲ್ಲಿ ಅಷ್ಟು ನಯವಾಗಿ ಬರುವುದಿಲ್ಲ.

ಹಾಗಾದರೆ ಹೊಸಬರಿಗೆ ಜಾಜ್‌ಮಾಸ್ಟರ್ ಯಾಕೆ ಬೇಡ ಅನ್ನುತ್ತೇನೆ? ಆ ವಿನ್ಯಾಸ ದಪ್ಪ ತಂತಿಗಳ ಕಾಲದ್ದು. ಬ್ರಿಜ್‌ನ ಹಿಂದೆ ತಂತಿ ಇಳಿಯುವ ಕೋನ ಕಡಿಮೆ, ತೆಳು ತಂತಿ ಹಾಕಿ ಗಟ್ಟಿಯಾಗಿ ಮೀಟಿದರೆ ತಂತಿ ಜಾಗ ಬಿಟ್ಟು ಹಾರುತ್ತದೆ, ಇಲ್ಲವೇ ಬ್ರಿಜ್ ಗಲಗಲ ಅನ್ನುತ್ತದೆ. ಸರ್ಫ್‌ನಲ್ಲಿ ಮೀಟುವುದೇ ಗಟ್ಟಿಯಾಗಿ, ಅಲ್ವಾ? 11ರ ತಂತಿ (ಅತಿ ತೆಳುವಾದ ತಂತಿ 0.011 ಇಂಚು ದಪ್ಪ ಇರುವ ಸೆಟ್) ಹಾಕಿ, ಕತ್ತಿನ ಬುಡಕ್ಕೊಂದು ತೆಳು ಪಟ್ಟಿ ಇಟ್ಟು ಬ್ರಿಜ್ ಎತ್ತರಿಸಿದರೆ ಎಲ್ಲ ಸರಿಹೋಗುತ್ತದೆ. ಆದರೆ ಮೊದಲ ಗಿಟಾರ್‌ನಲ್ಲೇ ಇಷ್ಟು ಕೆಲಸ ಕಲಿಯುವವರ ಉತ್ಸಾಹ ಕುಗ್ಗಿಸುತ್ತದೆ. ಸ್ಟ್ರಾಟ್‌ನಿಂದ ಶುರು ಮಾಡಿ.

ಯಾವ ಗಿಟಾರ್ ಆದರೂ ತಂತಿ ಬದಲಾಯಿಸಿ, ಇದಕ್ಕಿಂತ ಅಗ್ಗದ ಸುಧಾರಣೆ ಇಲ್ಲ. ಅಂಗಡಿಯಿಂದ ಬರುವ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ 9ರ ತಂತಿ ಇರುತ್ತದೆ. ಡಿಕ್ ಡೇಲ್‌ನ ಆರನೇ ತಂತಿ 58ರ (0.058 ಇಂಚು) ಆಸುಪಾಸು, ಅಷ್ಟು ದಪ್ಪ ನಿಮಗೆ ಬೇಡ, ಬೆರಳು ನೋಯುತ್ತದೆ. 11ರ ಸೆಟ್ ಸಾಕು. ತಗ್ಗಿನ ತಂತಿ ದಪ್ಪವಾದಷ್ಟೂ ಸ್ಪ್ರಿಂಗ್‌ಗೆ ಬೀಳುವ ಏಟು ಗಟ್ಟಿ, ಹನಿ ಸ್ಪಷ್ಟ. ಸ್ಟ್ರಾಟ್‌ನಲ್ಲಿ 9ರಿಂದ 11ಕ್ಕೆ ಹೋದಾಗ ಬ್ರಿಜ್ ಮುಂದಕ್ಕೆ ಬಾಗಿ ಮೇಲೇಳುತ್ತದೆ, ಹಿಂಬದಿಯ ಮುಚ್ಚಳ ತೆಗೆದು ಸ್ಪ್ರಿಂಗ್ ಹಿಡಿದ ಎರಡು ಸ್ಕ್ರೂಗಳನ್ನು ಬಿಗಿ ಮಾಡಬೇಕು. ನಟ್‌ನ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಸೀಳುಗಳಿಗೆ ಪೆನ್ಸಿಲ್ ಸೀಸ ಉಜ್ಜಿ. ಟ್ರೆಮೊಲೋ ಬಳಸಿದಾಗ ಶ್ರುತಿ ತಪ್ಪುವುದು ಇದರಿಂದಲೇ ಎಷ್ಟೋ ಕಡಿಮೆಯಾಗುತ್ತದೆ.

ಆಂಪ್ ಬಗ್ಗೆ ಎರಡೇ ಮಾತು. ಕ್ಲೀನ್ ಆಗಿ ಜೋರು ಬರಬೇಕು. ರಿವರ್ಬ್ ಆಂಪ್‌ಗಿಂತ ಮುಂಚೆ ಇರುವುದರಿಂದ ಆಂಪ್‌ನ ಸದ್ದು ಸ್ವಲ್ಪ ಒಡೆದರೂ ಹನಿಗಳೆಲ್ಲ ಕೆಸರಾಗುತ್ತವೆ. ವಾಲ್ವ್ ಬೇಕೇಬೇಕು ಅಂತಿಲ್ಲ, ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ ಸಾಕು, ಸಾಧ್ಯವಾದರೆ 12 ಇಂಚಿನ ಸ್ಪೀಕರ್ ಇರಲಿ. 8 ಇಂಚಿನಲ್ಲಿ ಆರನೇ ತಂತಿ ಬಡಕಲಾಗುತ್ತದೆ.

ಪೆಡಲ್ ಬಂದ ದಿನ ಹೀಗೆ ಶುರು ಮಾಡಿ: ಆಂಪ್‌ನ ಸ್ವಂತ ರಿವರ್ಬ್ ಸೊನ್ನೆ, ಗೇನ್ ಕಡಿಮೆ, ಟ್ರೆಬಲ್ ಅರ್ಧಕ್ಕಿಂತ ಸ್ವಲ್ಪ ಮೇಲೆ, ಬ್ರಿಜ್ ಪಿಕಪ್. ಪೆಡಲ್‌ನಲ್ಲಿ ಟೋನ್ ನಡುವೆ, ಮಿಕ್ಸ್ ನಡುವೆ, ಡ್ವೆಲ್ ಸೊನ್ನೆ. ಆರನೇ ತಂತಿಯನ್ನು ಒತ್ತಿ ಮೀಟುತ್ತಾ ಡ್ವೆಲ್ ಒಂದನ್ನೇ ನಿಧಾನವಾಗಿ ಏರಿಸಿ. ಒಂದು ಜಾಗದಲ್ಲಿ 'ಟಕ್' ಹಿಂದೆ 'ಟ್ಲಕ್' ಬರುತ್ತದೆ. ಅಲ್ಲಿಂದ ಒಂದು ಗೆರೆ ಮುಂದೆ ಬಿಟ್ಟು ನುಡಿಸಿ.