ಮದ್ದು ಬಿಡುವ ಇಂಜಿನ್ನಿನ ಪೆಟ್ರೋಲ್ ಮುಚ್ಚಳಕ್ಕೆ ಎಂ-ಸೀಲ್ ಮೆತ್ತಬೇಡಿ

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅಡಿಕೆಯ ಕೊಳೆರೋಗಕ್ಕೆ ಎರಡನೇ ಮದ್ದು ಬಿಡುವಾಗ ಪೆರ್ಲ ಕಡೆಯ ಒಂದು ತೋಟದಲ್ಲಿ ಆದದ್ದು ಇದು. ಮಳೆನೀರು ಇಳಿಯದಿರಲೆಂದು ರಿಪೇರಿಯವರು ಟ್ಯಾಂಕಿನ ಮುಚ್ಚಳದ ಸಣ್ಣ ತೂತಿಗೆ ಎಂ-ಸೀಲ್ (ಕಲಸಿ ಮೆತ್ತಿದರೆ ಗಟ್ಟಿಯಾಗುವ ಅಂಟು) ಮೆತ್ತಿ ಕಳಿಸಿದ್ದರು. ಇಂಜಿನ್ ಸ್ವಲ್ಪ ಹೊತ್ತು ಓಡುವುದು, ಗುಕ್ಕುಗುಕ್ಕು ಅಂದು ನಿಲ್ಲುವುದು. ಮದ್ದಿನವರು ಮರದ ತುದಿಯಲ್ಲಿ, ಪೈಪಿನಲ್ಲಿ ಪ್ರೆಶರ್ ಇಲ್ಲ. ಕಲಸಿಟ್ಟ ಬೋರ್ಡೊ (ಸುಣ್ಣ, ಮೈಲುತುತ್ತಿನ ಮದ್ದು) ಮರುದಿನಕ್ಕೆ ಆಗುವುದೂ ಇಲ್ಲ.

ಈ ಇಂಜಿನ್ನುಗಳಲ್ಲಿ ಪೆಟ್ರೋಲು ಕಾರ್ಬುರೇಟರಿಗೆ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇಳಿಯುವುದು ಬರೀ ತನ್ನ ಭಾರದಿಂದ, ಅದೂ ಗೇಣುದ್ದದ ಎತ್ತರದಿಂದ. ಇಳಿದಷ್ಟು ಜಾಗಕ್ಕೆ ಮುಚ್ಚಳದ ತೂತಿನಿಂದ ಗಾಳಿ ಬರದೆ ಒಳಗಿನ ಒತ್ತಡ ಶೇ. 1-2 ತಗ್ಗಿದರೂ ಸಾಕು, ಪೆಟ್ರೋಲು ನಿಲ್ಲುತ್ತದೆ. ಟ್ಯಾಂಕ್ ತುಂಬಿದ್ದರೆ ಮೇಲೆ ಗಾಳಿ ಕಡಿಮೆ, ಹಾಗಾಗಿ ಬೇಗ ನಿಲ್ಲುತ್ತದೆ. ಅರ್ಧ ಇದ್ದರೆ ತಡವಾಗಿ. ಇದು ಗೊತ್ತಿಲ್ಲದೆ ಕಾರ್ಬುರೇಟರ್ ಬದಲಿಸಿದರು. ದುಡ್ಡು ದಂಡ.

ಪರೀಕ್ಷೆ ಸುಲಭ. ನಿಂತ ಕೂಡಲೇ ಮುಚ್ಚಳ ನಿಧಾನಕ್ಕೆ ಸಡಿಲಿಸಿ. ಬುಸ್ ಎಂದು ಗಾಳಿ ಒಳಗೆಳೆದು, ಸ್ವಲ್ಪ ಹೊತ್ತಲ್ಲೇ ಇಂಜಿನ್ ಸ್ಟಾರ್ಟ್ ಆದರೆ ದೋಷ ಮುಚ್ಚಳದ್ದೇ. ಮುಚ್ಚಳ ತೆಗೆದರೂ ಆಗದೆ, ತಣಿದ ಮೇಲಷ್ಟೇ ಸ್ಟಾರ್ಟ್ ಆದರೆ ಕಿಡಿ ಕೊಡುವ ಕಾಯಿಲ್ ನೋಡಿಸಿ.

ಬಿಸಿಲಲ್ಲಿ ಇದರ ಉಲ್ಟಾ. ಆವಿ ಹೊರಹೋಗಲಾಗದೆ ಪೆಟ್ರೋಲನ್ನು ಒತ್ತುತ್ತದೆ, ಕಾರ್ಬುರೇಟರ್ ತುಂಬಿದಾಗ ದಾರಿ ಮುಚ್ಚುವ ಫ್ಲೋಟಿನ ಸೂಜಿ ಅದನ್ನು ತಡೆಯುವುದಿಲ್ಲ. ಪೆಟ್ರೋಲ್ ಕಾಕ್ ತೆರೆದೇ ಇದ್ದರೆ ಪೆಟ್ರೋಲು ಇಂಜಿನ್ ಆಯಿಲಿಗೂ ಸೇರಬಹುದು. ಆಯಿಲ್ ತೆಳುವಾಗಿ ಪೆಟ್ರೋಲಿನ ವಾಸನೆ ಬಂದರೆ ಬದಲಿಸದೆ ಓಡಿಸಬೇಡಿ.

ಆ ತೋಟದಲ್ಲಿ ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು: ಮುಚ್ಚಳಕ್ಕೆ ಡ್ರಿಲ್ಲಿನಲ್ಲಿ 3 ಮಿ.ಮೀ. ತೂತು. ಮೂಲ ಮುಚ್ಚಳದಲ್ಲಿ ಗಾಳಿಯ ದಾರಿ ಒಳಗೆ ಸುತ್ತುಬಳಸಿ ಇರುತ್ತದೆ, ಕುಲುಕಿದರೂ ಪೆಟ್ರೋಲು ಚಿಮ್ಮಬಾರದೆಂದು. ನೇರ ತೂತಿನಿಂದ ಅದು ಕಾದ ಸೈಲೆನ್ಸರಿಗೆ ಬಿದ್ದರೆ ಬೆಂಕಿ. ಮಳೆನೀರೂ ಇಳಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್, ನೀರು ಮಿತಿ ಮೀರಿದರೆ ಎಥನಾಲ್ ಅದರ ಜೊತೆ ಬೇರ್ಪಟ್ಟು ತಳಕ್ಕೆ ಕೂರುತ್ತದೆ. ಮೊದಲು ಕಾರ್ಬುರೇಟರಿಗೆ ಹೋಗುವುದು ಅದೇ. ಹಾಗಾದರೆ ಟ್ಯಾಂಕ್ ಪೂರ್ತಿ ಬರಿದು ಮಾಡಿ, ಫ್ಲೋಟ್ ಬಟ್ಟಲಿನ ಡ್ರೈನ್ ಬೋಲ್ಟ್ ಬಿಚ್ಚಿ ತೊಳೆಯಬೇಕು.

ಸುಣ್ಣ, ಮೈಲುತುತ್ತಿನ ಹನಿ ಒಣಗಿಯೂ ತೂತು ಕಟ್ಟುತ್ತದೆ. ಮುಚ್ಚಳ ಕಳಚಿ, ಗ್ಯಾಸ್ಕೆಟ್ ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ, ತಂತಿ ತೂರಿಸಬೇಡಿ. ಎಂ-ಸೀಲ್ ಮೆತ್ತಿದ್ದಾದರೆ ಹೊಸ ಮುಚ್ಚಳವೇ ಬೇಕು, ಅದೇ ಮಾಡೆಲಿನದ್ದು, ಗ್ಯಾಸ್ಕೆಟ್ ಸಮೇತ. ಮಳೆಗೆ ಇಂಜಿನ್ನಿನ ಮೇಲೆ ಎತ್ತರದಲ್ಲಿ ತಗಡಿನ ಮಾಡು ಮಾಡಿ.

ಕಾಡು ಸವರುವ ಹಲವು ಯಂತ್ರಗಳಲ್ಲಿ ಗಾಳಿಯ ದಾರಿ ಮುಚ್ಚಳದಲ್ಲಿಲ್ಲ, ಟ್ಯಾಂಕಿನ ಸಣ್ಣ ರಬ್ಬರ್ ವಾಲ್ವಿನಲ್ಲಿ. ಅದನ್ನು ಕಿತ್ತರೆ ಯಂತ್ರ ಓರೆ ಮಾಡಿದಾಗಲೆಲ್ಲ ಪೆಟ್ರೋಲು ಮೈಮೇಲೆ.