ಬೀಜಾಮೃತವೋ, ಟ್ರೈಕೋಡರ್ಮಾವೋ?

ಬಿತ್ತುವ ಮುಂಚೆ ಬೀಜಕ್ಕೆ ಏನು ಸವರಬೇಕು, ಸಗಣಿ-ಗಂಜಲದ ಬೀಜಾಮೃತವೋ, ಅಂಗಡಿಯ ಟ್ರೈಕೋಡರ್ಮಾ ಪುಡಿಯೋ? ಅದು ಯಾವ ಬೀಜ ಅನ್ನೋದರ ಮೇಲೆ. ಹಾಗಲ, ಹೀರೆ ಬೀಜದ ಸಿಪ್ಪೆ ಗಟ್ಟಿ. ಇವು ಮೊಳೆಯಲಿಲ್ಲ ಅಂದರೆ ಮೊದಲು ಬೇಕಾದದ್ದು ಬರೀ ನೀರು. ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಹುರುಳಿಕಾಯಿ ಬೀಜವನ್ನು ಮಾತ್ರ ಹೀಗೆ ನೆನೆಸಬೇಡಿ, ಸಿಪ್ಪೆ ಸುಲಿದು ಹಾಳಾಗುತ್ತದೆ.

ಟೊಮೆಟೊ, ಮೆಣಸಿನಕಾಯಿ, ಬದನೆಯ ಕಥೆ ಬೇರೆ. ಇಲ್ಲಿ ಮೊಳೆತ ಸಸಿ ಬುಡ ಕೊಳೆತು ಮಲಗುವುದೇ ದೊಡ್ಡ ತಲೆನೋವು. ಇದಕ್ಕೆ ನನ್ನ ಓಟು ಟ್ರೈಕೋಡರ್ಮಾಕ್ಕೆ. ಇದು ಒಳ್ಳೆಯ ಶಿಲೀಂಧ್ರ, ರೋಗದ ಶಿಲೀಂಧ್ರವನ್ನು ತಿಂದು ಹಾಕುತ್ತದೆ. ಕೆಜಿ ಬೀಜಕ್ಕೆ 4 ಗ್ರಾಂ ಪುಡಿ ಸಾಕು. ತಣ್ಣಗಾದ ಗಂಜಿ ಅಥವಾ ಬೆಲ್ಲದ ನೀರು ಚಿಮುಕಿಸಿ, ಪುಡಿ ಸವರಿ, ನೆರಳಲ್ಲಿ ಆರಿಸಿ. ಕೊಳ್ಳುವಾಗ ಪ್ಯಾಕೆಟ್ ಮೇಲಿನ ತಾರೀಕು ನೋಡಿ. ಅವಧಿ ಮುಗಿದಿದ್ದರೆ ಸುಮ್ನೆ ಬೂದಿ ಸವರಿದ ಹಾಗೆ.

ಬೀಜಾಮೃತಕ್ಕೆ ಖರ್ಚು ಕಡಿಮೆ, ಆದರೆ ಮನೆಯಲ್ಲಿ ಹಸು ಬೇಕು. 20 ಲೀಟರ್ ನೀರು, 5 ಕೆಜಿ ಸಗಣಿ, 5 ಲೀಟರ್ ಗಂಜಲ, 50 ಗ್ರಾಂ ಸುಣ್ಣ, ಒಂದು ಹಿಡಿ ಬದುವಿನ ಮಣ್ಣು. ಒಂದು ರಾತ್ರಿ ಬಿಟ್ಟು ಬೀಜಕ್ಕೆ ಸವರಬೇಕು. ಇದು 100 ಕೆಜಿ ಬೀಜದ ಲೆಕ್ಕ. ಮಹಡಿ ತೋಟದವರಿಗೆ ಇಷ್ಟು ಯಾಕೆ, ಅಲ್ವಾ? ಊರಲ್ಲಿ ಹಸು ಇದ್ದು, ಮನೆ ಬೀಜವನ್ನೇ ಜಾಸ್ತಿ ಬಿತ್ತುವವರು ಇದನ್ನೇ ಹಿಡಿಯಲಿ.

ಅಂಗಡಿಯ ಬೀಜ ಗುಲಾಬಿಯೋ ನೀಲಿಯೋ ಬಣ್ಣದ್ದಾಗಿದ್ದರೆ ಅದಕ್ಕೆ ಆಗಲೇ ಶಿಲೀಂಧ್ರ ಕೊಲ್ಲುವ ಔಷಧ ಸವರಿರುತ್ತದೆ. ಅದರ ಮೇಲೆ ಟ್ರೈಕೋಡರ್ಮಾ ಹಾಕಬೇಡಿ, ಔಷಧಕ್ಕೆ ಅದೇ ಸತ್ತುಹೋಗಬಹುದು.